ನಾಲ್ಕೂ ಕಡೆ ತಂತಿ

ಚನ್ನಪಟ್ಟಣದಲ್ಲಿ ಫ್ಲೆಕ್ಸ್ ಕಟ್ಟುವವರಿಗೇನು ಬರವೇ? ಏಣಿ ಇದ್ದವನು ಕಟ್ಟುತ್ತಾನೆ, ಹಗ್ಗ ಇದ್ದವನು ಕಟ್ಟುತ್ತಾನೆ, ಎರಡೂ ಇಲ್ಲದವನು ಪಕ್ಕದ ಮನೆಯಿಂದ ಕೇಳಿ ತಂದು ಕಟ್ಟುತ್ತಾನೆ. ಆದರೆ ಕಟ್ಟಿದ್ದು ಏಪ್ರಿಲ್, ಮೇ ತಿಂಗಳ ಗಾಳಿಗೂ ನಿಂತಿರಬೇಕು ಅಂದರೆ ಮಾತ್ರ ಖಲಂದರನನ್ನೇ ಹುಡುಕಿಕೊಂಡು ಹೋಗಬೇಕಿತ್ತು. ಐವತ್ತೆಂಟು ವರ್ಷದ ಒಣಕಲು ಆಳು, ಗಡ್ಡಕ್ಕೆ ಮೆಹಂದಿ, ದವಡೆಯಲ್ಲಿ ಸದಾ ಒಂದು ಅಡಿಕೆ ಚೂರು. ಹಿಂದೆ ಕಟ್ಟಿದ ಶಾಮಿಯಾನಗಳನ್ನೂ ಸೇರಿಸಿದರೆ ನಲವತ್ತು ವರ್ಷದಲ್ಲಿ ಅವನು ಕಟ್ಟಿದ್ದು ಎಷ್ಟೋ ಸಾವಿರ. ಒಂದೇ ಒಂದು ಯಾರ ತಲೆಯ ಮೇಲೂ ಬಿದ್ದಿರಲಿಲ್ಲ. ಅವನಿಗೆ ಆಸ್ತಿ ಅಂತ ಇದ್ದದ್ದು ಅದೊಂದೇ, ಅದನ್ನು ಅವನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಲೂ ಇದ್ದ.

ಗಾಳಿ ಅಂದರೆ ಏನು ಅಂತ ಅವನಿಗೆ ಗೊತ್ತಾದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಮಾಗಡಿ ಕಡೆಯ ಕಲ್ಯದ ಒಂದು ಮದುವೆಯಲ್ಲಿ. ಊಟಕ್ಕೆ ಎಲೆ ಹಾಕಿದ್ದರು, ಹುಳಿ ಬಡಿಸುತ್ತಿದ್ದರು. ಎಲ್ಲಿತ್ತೋ ಏನೋ, ಬಂತು ನೋಡಿ. ಶಾಮಿಯಾನ ಹೊಟ್ಟೆ ಉಬ್ಬಿಸಿಕೊಂಡು ಎದ್ದಿತು. ಅದರ ಜೊತೆಗೆ ಕಬ್ಬಿಣದ ಕಂಬಗಳೂ ಬೇರುಸಮೇತ ಎದ್ದವು. ಆಗಿನ್ನೂ ಕೈಯಾಳಾಗಿ, ಬೇರೆಯವರು ಕಟ್ಟಿದ್ದರ ಹಗ್ಗ ಹಿಡಿದುಕೊಂಡಿದ್ದ ಖಲಂದರ್ ಎರಡಾಳು ಎತ್ತರ ಹೋಗಿ ಪಕ್ಕದ ರಾಗಿ ಹೊಲದಲ್ಲಿ ಬಿದ್ದ. ಅಂಗೈಯ ಚರ್ಮವೆಲ್ಲ ಹಗ್ಗಕ್ಕೆ ಅಂಟಿಕೊಂಡು ಹೋಗಿತ್ತು. ಬಟ್ಟೆ ಹಗುರ ಅಂತ ನಂಬುವವನು ಮೂರ್ಖ ಅಂತ ಅವತ್ತು ಅವನಿಗೆ ಅರ್ಥವಾಯಿತು. ಬಟ್ಟೆ ಹಗುರವೇ ಇರಬಹುದು. ಅದನ್ನು ನಾಲ್ಕೂ ಕಡೆ ಬಿಗಿದು ನಿಲ್ಲಿಸಿದ ಮೇಲೆ ಬಂದ ಗಾಳಿಯ ತೂಕವೆಲ್ಲ ಅದರದೇ. ಗಾಳಿಯ ವೇಗ ಎರಡರಷ್ಟಾದರೆ ಅದರ ಪೆಟ್ಟು ನಾಲ್ಕರಷ್ಟಾಗುತ್ತದೆ ಅಂತ ಕಾಲೇಜು ಓದಿದವರು ಹೇಳುತ್ತಾರೆ. ಖಲಂದರನಿಗೆ ಅದನ್ನು ತೋಳೇ ಹೇಳಿತ್ತು.

ಹಾಗಾಗಿ ಫ್ಲೆಕ್ಸ್ ಕಟ್ಟುವಾಗ ಅವನು ಮೊದಲು ಬ್ಲೇಡು ತೆಗೆಯುತ್ತಿದ್ದ. ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಕುಯ್ದು, ಗಾಳಿಗೆ ಒಸಿ ದಾರಿ ಬಿಡುತ್ತಿದ್ದ. ಅದು ಹಳೇ ಕಾಲದ ಮಾತಾಯಿತು. ಈಗಿನ ಫ್ಲೆಕ್ಸಿನಲ್ಲಿ ಕುಯ್ಯಲು ಜಾಗವಾದರೂ ಎಲ್ಲಿದೆ? ನಡುವೆ ಆಳೆತ್ತರಕ್ಕೆ ಕೈಮುಗಿದ ಅಣ್ಣ, ಮೇಲೆ ಸಾಲಾಗಿ ದೊಡ್ಡವರು, ಕೆಳಗೆ ಬೆಂಬಲಿಗರು ನಲವತ್ತು ಜನ, ಒಬ್ಬೊಬ್ಬರದೂ ಕನ್ನಡಕ ಹಾಕಿದ ಫೋಟೋ. ಎಲ್ಲಿ ಬ್ಲೇಡು ಇಟ್ಟರೂ ಯಾರದೋ ಮೂಗು! ಕುಯ್ದರೆ ಜಗಳ. ಅದಕ್ಕೇ ಖಲಂದರ್ ಇನ್ನೊಂದು ಉಪಾಯ ಕಂಡುಕೊಂಡ. ಮೇಲಕ್ಕೂ ಎರಡು ಪಕ್ಕದ ಮೇಲ್ಭಾಗಕ್ಕೂ ಗಟ್ಟಿ ನೈಲಾನ್ ಹಗ್ಗ, ಕೆಳಭಾಗಕ್ಕೆ ಮಾತ್ರ ಗೋಣಿಚೀಲ ಹೊಲಿಯುವ ಸುತ್ಲಿ ದಾರ. ದಿನದ ಗಾಳಿಗೆ ಸುತ್ಲಿ ತಡೆಯುತ್ತದೆ. ದೊಡ್ಡ ಗಾಳಿ ಬಂದರೆ ಪಟಪಟ ಅಂತ ಒಟ್ಟಿಗೇ ಹರಿಯುತ್ತದೆ, ಫ್ಲೆಕ್ಸು ಮೇಲಕ್ಕೆ ಮಗುಚುತ್ತದೆ, ಗಾಳಿ ಅಡಿಯಿಂದ ಹೊರಟು ಹೋಗುತ್ತದೆ, ಮರದ ಚೌಕಟ್ಟು ಉಳಿಯುತ್ತದೆ. ಮಾರನೆಯ ದಿನ ಹೋಗಿ ಮತ್ತೆ ಹತ್ತು ಗಂಟು ಹಾಕಿದರೆ ಆಯಿತು.

ಈ ಕೆಲಸಕ್ಕೆ ಅವನ ಜೊತೆಗಾರ ಸ್ವಾಮಿ. ವಿರೂಪಾಕ್ಷಿಪುರದ ಪಕ್ಕದ ಹಳ್ಳಿಯವನು, ನಲವತ್ತಮೂರು ವರ್ಷ, ಹೆಂಡತಿ ಸುಚಿತ್ರಾ, ಎರಡು ಹೆಣ್ಣುಮಕ್ಕಳು. ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ಏಣಿ ಹತ್ತಿ ಇಳಿದವರು. ಸ್ವಾಮಿ ಮಾತು ಕಡಿಮೆ, ನಗು ಜಾಸ್ತಿ. ರಂಜಾನ್ ತಿಂಗಳಲ್ಲಿ ಖಲಂದರ್ ಉಪವಾಸ ಇದ್ದರೆ, ಎದುರಿಗೆ ಟೀ ಕುಡಿಯುವುದು ಬೇಡ ಅಂತ ಇವನು ಅಂಗಡಿಯ ಹಿಂದಕ್ಕೆ ಹೋಗಿ ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದ. ಹೋದ ವರ್ಷ ಸಕ್ಕರೆ ಕಾಯಿಲೆ ಬಂದು ಖಲಂದರನಿಗೆ ಎತ್ತರದಲ್ಲಿ ತಲೆ ಸುತ್ತಲು ಶುರುವಾದ ಮೇಲೆ ಮೇಲಿನ ಸಾಲನ್ನೆಲ್ಲ ಸ್ವಾಮಿಯೇ ಕಟ್ಟುತ್ತಿದ್ದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾರಾದರೂ ಕೇಳಿದರೆ, "ಭಾಯ್‌ಗೆ ಮ್ಯಾಲೆ ಹತ್ತಕ್ಕೆ ಸೋಮಾರಿತನ ಕಣಪ್ಪ" ಅಂತ ನಕ್ಕುಬಿಡುತ್ತಿದ್ದ.

ಎಡವಟ್ಟಾದದ್ದು ಅಣ್ಣನ ಹುಟ್ಟುಹಬ್ಬದ ದಿನ. ಅಣ್ಣ ಅಂದರೆ ಆ ಕಡೆಯ ಒಬ್ಬ ಲೀಡರ್, ಹೆಸರು ಬೇಡ. ಅವನ ಫ್ಲೆಕ್ಸಿನ ಉಸ್ತುವಾರಿ ಕೆಂಪರಾಜುವಿನದು. ಈ ಕೆಂಪರಾಜು ಮೂರು ಪಕ್ಷ ನೋಡಿದವನು, ಗಾಳಿ ಬಂದಾಗ ತೂರಿಕೊಳ್ಳುವ ಜಾತಿ. ಏಪ್ರಿಲ್ ಮಧ್ಯದ ಆ ದಿನ ಸಾಯಂಕಾಲ ನಾಲ್ಕಕ್ಕೆ ಗಾಳಿ ಎದ್ದಿತು. ದೊಡ್ಡಮಳೂರಿನ ಹತ್ತಿರ ಹೆದ್ದಾರಿ ಬದಿಗೆ ಕಟ್ಟಿದ್ದ ಫ್ಲೆಕ್ಸಿನ ಸುತ್ಲಿ ಹರಿಯಿತು, ಫ್ಲೆಕ್ಸು ಮಗುಚಿತು. ಹೇಗಾಗಬೇಕಿತ್ತೋ ಹಾಗೇ ಆಯಿತು. ಆದರೆ ಮಗುಚಿದ ರಭಸಕ್ಕೆ ಕೆಳಗಿನ ಅಂಚು ಸೀಳಿ, ಬೆಂಬಲಿಗರ ಸಾಲು ಪೂರ್ತಿ ಕಿತ್ತುಕೊಂಡು ಚರಂಡಿಗೆ ಬಿತ್ತು. ಆ ಸಾಲಿನಲ್ಲಿ ಮೊದಲನೆಯ ಮುಖ ಕೆಂಪರಾಜುವಿನದು. ಅಷ್ಟು ಹೊತ್ತಿಗೆ ಸರಿಯಾಗಿ ಅಣ್ಣನ ಕಾರು ಆ ದಾರಿಯಲ್ಲಿ ಹೋಯಿತಂತೆ, ಅಣ್ಣ ನೋಡಿ ನಕ್ಕನಂತೆ. ಅಯ್ಯೋ ಶಿವನೇ, ನಗಬಾರದಿತ್ತು.

ಮಾರನೆಯ ದಿನ ಬೆಳಗ್ಗೆ ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ, ಇಪ್ಪತ್ತು ಜನರ ಮುಂದೆ, ಕೆಂಪರಾಜು ಖಲಂದರನ ಕೆನ್ನೆಗೆ ಹೊಡೆದ. ಬಾಯಲ್ಲಿದ್ದ ಅಡಿಕೆ ಚೂರು ಹಾರಿ ಬಿತ್ತು.

"ಲೇ ಸಾಬಿ, ಸುತ್ಲೀಲಿ ಕಟ್ತೀಯೇನ್ಲಾ? ನಮ್ ಮಕ ಮೋರೀಲಿ ಬೀಳ್ಲಿ ಅಂತ್ಲಾ?"

"ಚೌಕಟ್ಟು ಉಳೀತಲ್ಲ ರಾಜಣ್ಣ, ಯಾರ್ಗೂ ಏನೂ ಆಗ್ನಿಲ್ವಲ್ಲ" ಅಂದ ಖಲಂದರ್.

ಎರಡನೆಯದು ಬಿತ್ತು. ಸ್ವಾಮಿ ನಡುವೆ ಬಂದು ಕೈಮುಗಿದ. "ಬುಡಿ ಅಣ್ಣ, ಬುಡಿ ಅಣ್ಣ, ತಪ್ಪಾಯ್ತು, ದೊಡ್ಡೋರು ನೀವು" ಅಂತ ಬಗ್ಗಿ ಕಾಲು ಮುಟ್ಟಿದ. ಜನ ನೋಡುತ್ತ ನಿಂತಿದ್ದರು. ಟೀ ಅಂಗಡಿಯವನು ಹಾಲು ಉಕ್ಕುತ್ತಿದ್ದರೂ ತಿರುಗಿ ನೋಡಲಿಲ್ಲ.

ಪೆಟ್ಟಿನ ನೋವು ಮಧ್ಯಾಹ್ನಕ್ಕೆ ಹೋಯಿತು. ಅವಮಾನ ಹೋಗಲಿಲ್ಲ. ಖಲಂದರ್ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಅವನ ಹೆಂಡತಿ ಜಹೀದಾ ಗೊಂಬೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ಕೆಲಸದವಳು. ಅವಳಿಗೆ ಅಷ್ಟರಲ್ಲೇ ಸುದ್ದಿ ಮುಟ್ಟಿತ್ತು. ಏನೂ ಕೇಳದೆ ಅನ್ನ ಬಡಿಸಿಟ್ಟಳು. ಎರಡು ಹೊತ್ತು ಅದು ಹಾಗೇ ಆರಿತು. ಅವನಿಗೆ ಕೆಂಪರಾಜುವಿನ ಮೇಲೆ ಸಿಟ್ಟು ಬಂದದ್ದು ಸರಿ, ಅದಕ್ಕಿಂತ ಹೆಚ್ಚು ಸಿಟ್ಟು ಸ್ವಾಮಿಯ ಮೇಲೆ ಬಂತು. ತಪ್ಪೇ ಇಲ್ಲದ ಕಡೆ ತಪ್ಪಾಯ್ತು ಅಂದನಲ್ಲ, ಕಾಲು ಮುಟ್ಟಿದನಲ್ಲ ಅಂತ. ಸಿಟ್ಟಿಗೆ ಕಣ್ಣಿರುತ್ತದೆಯೇ? ಹತ್ತಿರ ಇದ್ದವರಿಗೇ ಮೊದಲು ಒದೆಯುತ್ತದೆ.

ಎರಡು ವಾರ ಕಳೆಯಿತು. ಅಣ್ಣ ಬರುವ ಭಾನುವಾರ ವಿರೂಪಾಕ್ಷಿಪುರಕ್ಕೆ ಬರುತ್ತಾನೆ, ಸ್ವಾಗತದ ಫ್ಲೆಕ್ಸು ಮೂವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರ. ಕಟ್ಟುವುದಕ್ಕೆ ಕೆಂಪರಾಜು ಮತ್ತೆ ಖಲಂದರನಿಗೇ ಹೇಳಿಕಳಿಸಿದ. ಬೇರೆಯವರು ಕಟ್ಟಿದರೆ ನಿಲ್ಲುವುದಿಲ್ಲ ಅಂತ ಹೊಡೆದವನಿಗೂ ಗೊತ್ತಿತ್ತು ನೋಡಿ. ಹೋಗಬಾರದಿತ್ತು. ಹೋದ.

ಬುಧವಾರ ಬೆಳಗ್ಗೆ ವಿರೂಪಾಕ್ಷಿಪುರದ ಬಸ್ ಸ್ಟಾಪಿನ ಹಿಂದೆ, ತಗಡಿನ ಚಾವಣಿಗೆ ಒರಗುವಷ್ಟು ಹತ್ತಿರ, ಸರ್ವೆ ಮರಗಳನ್ನು ನೆಟ್ಟು, ಕೆಳಗಿನ ಅಂಚು ಚಾವಣಿಗಿಂತ ಮೇಲೆ ಬರುವಷ್ಟು ಎತ್ತರಕ್ಕೆ ಚೌಕಟ್ಟು ನಿಲ್ಲಿಸಿದ್ದರು. ಕೆಂಪರಾಜು ಕಾರಿನಿಂದ ಇಳಿಯದೆ ಗಾಜು ಇಳಿಸಿ ಹೇಳಿದ. "ನಾಲ್ಕೂ ಕಡೆ ತಂತಿ. ಸುತ್ಲಿ ಗಿತ್ಲಿ ಕಂಡ್ರೆ ನೋಡು. ಒಂದು ತೂತು ಬೀಳ್ಬಾರ್ದು, ಒಂದು ಮೂಲೆ ಅಲ್ಲಾಡ್ಬಾರ್ದು."

ಕಾರು ಹೋದ ಮೇಲೆ ಸ್ವಾಮಿ ಬೈಂಡಿಂಗ್ ತಂತಿಯ ಸುರುಳಿಯನ್ನು ಮುಟ್ಟಲೇ ಇಲ್ಲ.

"ಭಾಯ್, ಬ್ಯಾಡ ಅಂದ್ಬುಡು. ಕೆಳ್ಗಡೆ ಜನ ನಿಲ್ಲೋ ಜಾಗ. ಈ ಸಣ್ಣ ಮರ ಆರ್ನೂರು ಅಡಿ ಫ್ಲೆಕ್ಸಿಗೆ ತಡಿಯಾಕಿಲ್ಲ. ಬೇಕಾದ್ರೆ ಬ್ಯಾರೆಯೋರು ಕಟ್ಕಳ್ಲಿ."

"ಯಾಕ್ಲಾ? ಅವತ್ತು ಅವ್ನ ಕಾಲ್ ಹಿಡ್ಯೋವಾಗ ಎಲ್ಲೋಗಿತ್ತು ಈ ಬುದ್ಧಿ?"

ಸ್ವಾಮಿಯ ಮುಖ ಸಣ್ಣದಾಯಿತು. "ನಿನ್ನ ಇನ್ನೂ ಹೊಡೀತಿದ್ದ ಕಣ್ ಭಾಯ್. ಅದ್ಕೇ ಹಿಡ್ದೆ" ಅಂದ.

"ನನ್ನ ಮಾನ ಕಾಪಾಡಕ್ಕೆ ನೀನ್ಯಾವನ್ಲಾ? ಅವ್ನಿಗೆ ತಂತಿ ಬೇಕು ತಾನೆ? ತಗಳ್ಲಿ. ಅವ್ನ ಮೊಮ್ಮಕ್ಕಳ ಕಾಲ್ಕೂ ಬಿಚ್ಬಾರ್ದು, ಹಂಗೆ ಕಟ್ತೀನಿ."

ಅವತ್ತು ಮೇಲಿನ ಸಾಲಿಗೂ ಖಲಂದರನೇ ಹತ್ತಿದ. ತಲೆ ಸುತ್ತಿತು, ಮರ ತಬ್ಬಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದ, ಮತ್ತೆ ಕಟ್ಟಿದ. ಒಂದು ಸುತ್ತು ಸಾಕಾದ ಕಡೆ ಮೂರು ಸುತ್ತು. ಇಕ್ಕಳದಿಂದ ತಿರುಚಿ ತಿರುಚಿ, ತುದಿ ಮುರಿದು ಒಳಕ್ಕೆ ಮಡಿಚಿದ. ಒಂದೊಂದು ತಿರುಚಿಗೂ ಕೆಂಪರಾಜುವಿನ ಕೊರಳು ಸಿಕ್ಕಿದಷ್ಟು ಸಮಾಧಾನ. ಕೆಳಗಿನ ಅಂಚಿನಲ್ಲಿ ಇಪ್ಪತ್ತನಾಲ್ಕು ಕಡೆ ತಂತಿ. ಮುಗಿಸಿ ಕೈಯಿಂದ ತಟ್ಟಿದರೆ ಫ್ಲೆಕ್ಸು ತಮಟೆಯ ಹಾಗೆ ಢಂ ಅಂದಿತು. ಆ ಸದ್ದಿಗೇ ಅವನ ಎದೆ ಒಮ್ಮೆ ಧಸಕ್ ಅಂದದ್ದು ನಿಜ. ಬಿಚ್ಚಲಿಲ್ಲ. ಇಬ್ಬರೂ ಏಣಿ ಇಳಿಸಿದರು.

ಗುರುವಾರ ಬೆಳಗ್ಗೆ ಜಹೀದಾ ಕೇಳಿದಳು, ಯಾಕೆ ರಾತ್ರಿಯೆಲ್ಲ ಹೊರಳಾಡುತ್ತಿದ್ದೀರಿ ಅಂತ. ಅವನು ಹೇಳಿದ. ಅವಳು ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ, "ಹೋಗಿ ಬಿಚ್ಚಿ ಬನ್ನಿ" ಅಂದಳು. ಭಾನುವಾರದವರೆಗೆ ತಾನೆ, ಮೂರು ದಿನ, ಬಿಸಿಲು ನೋಡು ಹೇಗಿದೆ, ಗಾಳಿ ಎಲ್ಲಿದೆ ಅಂತ ಅವನು ಎದ್ದು ಹೋದ. ಕೋಪದಲ್ಲಿ ಕುಯ್ದ ಮೂಗು ಮತ್ತೆ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಇವನಿಗೆ ಮಾತ್ರ ಪೂರ್ತಿ ಒಂದು ದಿನ ಸಿಕ್ಕಿತ್ತು, ಅದನ್ನೂ ಕಳೆದುಕೊಂಡ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಮಸೀದಿಯಿಂದ ಹೊರಗೆ ಬಂದಾಗ ಎಲೆ ಅಲುಗುತ್ತಿರಲಿಲ್ಲ. ಸೆಕೆ ಅಂದರೆ ಸೆಕೆ, ನಾಯಿಗಳು ಕೂಡ ಉಸಿರು ಎಳೆದುಕೊಳ್ಳುತ್ತಿದ್ದವು. ದಕ್ಷಿಣದ ಕಡೆ ಆಕಾಶ ಹೊಗೆಯ ಬಣ್ಣಕ್ಕೆ ತಿರುಗಿತ್ತು. ಖಲಂದರನಿಗೆ ಅಷ್ಟೇ ಸಾಕಾಯಿತು. ಚಪ್ಪಲಿ ಹಾಕಿಕೊಳ್ಳುತ್ತಲೇ ಸ್ವಾಮಿಗೆ ಫೋನು ಮಾಡಿದ. ಬುಧವಾರದಿಂದ ಇಬ್ಬರೂ ಮಾತಾಡಿರಲಿಲ್ಲ.

"ಲೇ ಸ್ವಾಮಿ, ಗಾಳಿ ಬತ್ತಾ ಐತೆ ಕಣ್ಲಾ."

"ನಾನೂ ಅದ್ನೇ ನೋಡ್ತಾ ಇವ್ನಿ ಭಾಯ್."

"ಬಸ್ ಸ್ಟಾಪಲ್ಲಿ ಯಾರೂ ನಿಲ್ದಂಗೆ ಓಡ್ಸು. ನಾನು ಈಗ್ಲೇ ಹೊಂಟೆ, ಬಂದು ಕೆಳಗಿಂದು ಕುಯ್ದ್ಬುಡ್ತೀನಿ. ನೀನು ಹತ್ಬ್ಯಾಡ. ನಾನ್ ಬರೋಗಂಟ ಹತ್ಬ್ಯಾಡ, ಕೇಳುಸ್ತಾ?"

"ಆಯ್ತು ಬಾ ಭಾಯ್. ನಿಧಾನುಕ್ಕೆ ಬಾ" ಅಂದ ಸ್ವಾಮಿ.

ಟಿವಿಎಸ್ ಗಾಡಿಯಲ್ಲಿ ಅರ್ಧ ಗಂಟೆಯ ದಾರಿ. ಅರ್ಧ ದಾರಿಗೆ ಬರುವಷ್ಟರಲ್ಲಿ ಗಾಳಿ ಎದುರಾಯಿತು. ಮಾವಿನ ತೋಪುಗಳಲ್ಲಿ ಕಾಯಿ ದಬದಬ ಉದುರುತ್ತಿದ್ದವು. ಗಾಡಿ ಮುಂದಕ್ಕೆ ಹೋಗದೆ ಅಡ್ಡಕ್ಕೆ ತಳ್ಳಿಸಿಕೊಳ್ಳುತ್ತಿತ್ತು. ಕಣ್ಣಿಗೆ ಮಣ್ಣು ಹೊಡೆದು ನೀರು ಸುರಿಯಿತು. ಒಂದು ಕಡೆ ಗೆದ್ದಲು ಹಿಡಿದಿದ್ದ ಹುಣಸೆಯ ಕೊಂಬೆ ರಸ್ತೆಗೆ ಅಡ್ಡ ಬಿದ್ದಿತ್ತು. ಗಾಡಿಯನ್ನು ಅಲ್ಲೇ ಕೆಡವಿ, ಕೊಂಬೆಯಡಿ ನುಸುಳಿ, ಓಡಲು ಶುರು ಮಾಡಿದ. ಐವತ್ತೆಂಟು ವರ್ಷದ, ಸಕ್ಕರೆ ಕಾಯಿಲೆಯ ಮನುಷ್ಯ ಓಡಿದರೆ ಎಷ್ಟು ಓಡಿಯಾನು? ಯಾ ಅಲ್ಲಾ, ಯಾ ಅಲ್ಲಾ ಅಂತ ಒಂದೊಂದು ಹೆಜ್ಜೆಗೂ ಅನ್ನುತ್ತ ಓಡಿದ. ಬಸ್ ಸ್ಟಾಪಿನಲ್ಲಿ ಬೇಸಿಗೆ ರಜೆಯ ಮಕ್ಕಳು ಇರಬಾರದು ಅನ್ನುವುದೊಂದೇ ಅವನ ತಲೆಯಲ್ಲಿತ್ತು. ಸ್ವಾಮಿಯ ಯೋಚನೆ ಬರಲಿಲ್ಲ. ಸ್ವಾಮಿಗೆ ಹತ್ತಬೇಡ ಅಂತ ಹೇಳಿದ್ದನಲ್ಲ.

ತಿರುವು ದಾಟಿದ ಕೂಡಲೇ ಫ್ಲೆಕ್ಸು ಕಾಣಬೇಕಿತ್ತು. ಕಾಣಲಿಲ್ಲ.

ಬಸ್ ಸ್ಟಾಪಿನ ತಗಡು ನಡುಮುರಿದು ನೆಲಕ್ಕೆ ಬಗ್ಗಿತ್ತು. ಅದರ ಮೇಲೆ ಸರ್ವೆ ಮರಗಳು, ಅವುಗಳ ಮೇಲೆ ಹಾಸಿಕೊಂಡ ಹಾಗೆ ಫ್ಲೆಕ್ಸು. ಎದುರಿನ ಅಂಗಡಿಯ ಜಗುಲಿಯಲ್ಲಿ ಒಂಬತ್ತು ಜನ ಕೂತಿದ್ದರು, ಅದರಲ್ಲಿ ಮೂವರು ಚಿಕ್ಕ ಮಕ್ಕಳು. ಅವರನ್ನೆಲ್ಲ ಬೈದು, ಕೈ ಹಿಡಿದೆಳೆದು, ಆಚೆ ದಾಟಿಸಿದ್ದು ಸ್ವಾಮಿ. ದಾಟಿಸಿದ ಮೇಲೆ ಇಕ್ಕಳ ಬಾಯಲ್ಲಿ ಕಚ್ಚಿಕೊಂಡು ಚೌಕಟ್ಟು ಹತ್ತಿದನಂತೆ. ಎಡಗಡೆಯಿಂದ ಒಂದೊಂದೇ ತಂತಿ ಕುಯ್ಯುತ್ತ ಬಂದನಂತೆ. ಜನ ಫ್ಲೆಕ್ಸು ಎತ್ತಿ ಹಿಡಿದರು, ಮರ ಸರಿಸಿದರು, ಅವನನ್ನು ಎಳೆದುಕೊಂಡರು. ಎದೆಯ ಮೇಲೆ ಮರ ಬಿದ್ದಿತ್ತು. ಉಸಿರು ಇರಲಿಲ್ಲ. ಇಕ್ಕಳ ಇನ್ನೂ ಕೈಯಲ್ಲೇ ಇತ್ತು.

ಅವನನ್ನು ಆಟೋದಲ್ಲಿ ಹಾಕುವ ಮೊದಲು ಖಲಂದರ್ ಒಂದು ಕೆಲಸ ಮಾಡಿದ. ಯಾಕೆ ಮಾಡಿದೆ ಅಂತ ಅವನಿಗೂ ಗೊತ್ತಿಲ್ಲ. ಫ್ಲೆಕ್ಸಿನ ಕೆಳಗಿನ ಅಂಚನ್ನು ಕೈಯಲ್ಲಿ ಹಿಡಿದು ಎಣಿಸಿದ. ಇಪ್ಪತ್ತನಾಲ್ಕರಲ್ಲಿ ಹನ್ನೊಂದು ತಂತಿ ನೀಟಾಗಿ ಕುಯ್ದಿತ್ತು. ಉಳಿದ ಹದಿಮೂರು ಅವನು ತಿರುಚಿದ ಹಾಗೇ ಇದ್ದವು. ಎಡಗಡೆ ಬಿಡುಗಡೆಯಾಗಿ ಬಲಗಡೆ ಬಿಗಿಯಾಗಿದ್ದಾಗ, ಗಾಳಿಯ ತೂಕವೆಲ್ಲ ಒಂದೇ ಕಡೆಗೆ ಸರಿದು, ಚೌಕಟ್ಟನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಿಬಿಟ್ಟಿತ್ತು. ಸುತ್ಲಿಯಾಗಿದ್ದರೆ ಅಷ್ಟೂ ಒಂದೇ ಸಲಕ್ಕೆ ಹರಿಯುತ್ತಿತ್ತು, ಯಾರೂ ಹತ್ತಬೇಕಾಗಿಯೇ ಇರಲಿಲ್ಲ. ಇದು ಅಲ್ಲಿ ನೆರೆದಿದ್ದ ನೂರು ಜನರಲ್ಲಿ ಒಬ್ಬನಿಗೂ ಗೊತ್ತಾಗುವ ಹಾಗಿರಲಿಲ್ಲ. ಖಲಂದರ್ ರಸ್ತೆಯ ಮಧ್ಯೆ ಕುಕ್ಕರುಗಾಲಲ್ಲಿ ಕೂತು ತಲೆ ಚಚ್ಚಿಕೊಂಡು ಅತ್ತ.

ಆಸ್ಪತ್ರೆಯ ಹತ್ತಿರ ಕೆಂಪರಾಜು ಬಂದ. ಬಿಳಿ ಅಂಗಿ, ಮೆತ್ತಗಿನ ದನಿ. ಅಷ್ಟರಲ್ಲಿ ಅವನ ಕಡೆಯವರು ಫ್ಲೆಕ್ಸು, ಮರ, ತಂತಿ ಎಲ್ಲವನ್ನೂ ಟ್ರ್ಯಾಕ್ಟರಿಗೆ ತುಂಬಿ ಸಾಗಿಸಿಯಾಗಿತ್ತು. ಖಲಂದರನ ಪಕ್ಕ ಬೆಂಚಿನಲ್ಲಿ ಕೂತ.

"ಗಾಳಿ ಕಣ್ ಖಲಂದರ್ ಸಾಬ್ರೇ. ದೇವ್ರು ಮಾಡಿದ್ದು. ಯಾರ್ ಏನ್ ಮಾಡಕಾಯ್ತದೆ ಹೇಳಿ? ನಿಮ್ ಮ್ಯಾಲೆ ಯಾರೂ ಒಂದ್ ಮಾತು ಆಡಲ್ಲ, ನಾನ್ ನೋಡ್ಕತೀನಿ. ಗಾಳಿ ಮಳೇಲಿ ಸತ್ತ ಅಂತ ಆದ್ರೆ ಆ ಹೆಣ್ಮಗೀಗೆ ಸರ್ಕಾರದ ಪರಿಹಾರ ಬತ್ತದೆ. ಕೇಸು ಗೀಸು ಅಂತ ಆದ್ರೆ ಅದೂ ಇಲ್ಲ, ಇದೂ ಇಲ್ಲ. ನೀವು ತಿಳ್ದೋರು."

ಎರಡು ವಾರದ ಹಿಂದೆ ಸಾಬಿ ಆಗಿದ್ದವನು ಈಗ ಸಾಬ್ರು ಆಗಿದ್ದ. ಖಲಂದರ್ ಅವನ ಮುಖ ನೋಡಲಿಲ್ಲ. ಒಂದು ಮಾತು ಮಾತ್ರ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ: ಇವನನ್ನು ಬಿಡಬಾರದು, ನನ್ನನ್ನೂ ಬಿಡಬಾರದು.

ಮೂರನೆಯ ದಿನ, ಭಾನುವಾರ, ಮಧ್ಯಾಹ್ನ ಹೇಳಿಕೆ ಕೊಡಲು ಠಾಣೆಗೆ ಬರಬೇಕು ಅಂತ ಕರೆ ಬಂದಿತ್ತು. ಅವನು ಬೆಳಗ್ಗೆಯೇ ಎದ್ದು ತಯಾರಾದ. ಜಹೀದಾ ಬಾಗಿಲಲ್ಲಿ ನಿಂತು, "ಏನು ಹೇಳ್ತೀರಿ?" ಅಂದಳು.

"ನಡೆದದ್ದು."

"ಹೇಳಿ. ಆದರೆ ಪೊಲೀಸರಿಗಿಂತ ಮೊದಲು ಅವಳಿಗೆ ಹೇಳಿ. ಗಂಡನನ್ನು ಕಳೆದುಕೊಂಡವಳು ಅವಳು."

ಅವತ್ತು ಸ್ವಾಮಿಯ ಮನೆಯಲ್ಲಿ ಹಾಲುತುಪ್ಪ. ಮಣ್ಣು ಮಾಡಿದ ಜಾಗಕ್ಕೆ ಹೋಗಿ ಬಂದ ನೆಂಟರು ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಸುಚಿತ್ರಾ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ಚಿಕ್ಕ ಮಗಳು ಅವಳ ಬೆನ್ನಿಗೆ ಒರಗಿ ನಿದ್ದೆ ಹೋಗಿದ್ದಳು. ಖಲಂದರ್ ದೂರದಲ್ಲೇ ನೆಲದ ಮೇಲೆ ಕೂತ.

"ತಂಗೀ, ನಾನೊಂದು ಮಾತು ಹೇಳ್ಬೇಕು. ತಂತಿ ಕಟ್ಟಿದ್ದು ನಾನು. ಬೇಕಂತ್ಲೇ ಕಟ್ಟಿದ್ದು. ಸ್ವಾಮಿ ಬ್ಯಾಡ ಅಂದ. ನಂಗೂ ಗೊತ್ತಿತ್ತು ಬೀಳ್ತದೆ ಅಂತ. ಆ ಕೆಂಪರಾಜು ಮ್ಯಾಲಿನ ಸಿಟ್ಟಿಗೆ..."

"ಗೊತ್ತು" ಅಂದಳು ಸುಚಿತ್ರಾ.

ಅವನು ತಲೆ ಎತ್ತಿದ.

"ನೀನು ಫೋನ್ ಮಾಡ್ದಾಗ ಊಟುಕ್ಕೆ ಕೂತಿದ್ರು. ಅರ್ಧ ಮುದ್ದೆ ತಟ್ಟೇಲೇ ಬುಟ್ಟು ಎದ್ರು. ಇಕ್ಕಳ ಹುಡುಕ್ತಾ ಎಲ್ಲಾ ಹೇಳುದ್ರು. ಭಾಯ್ ಸಿಟ್ಟಲ್ಲಿ ತಂತಿ ಬಿಗಿದ್ಬುಟ್ಟವ್ನೆ, ಈಗ ಬತ್ತಾವ್ನೆ, ಬಂದ್ರೆ ಹತ್ತೇ ಹತ್ತುತಾನೆ, ತಲೆ ಸುತ್ತಿ ಬಿದ್ಗಿದ್ದಾನು, ಅವ್ನು ಬರೋದ್ರೊಳ್ಗೆ ನಾನೇ ಕುಯ್ದ್ಬುಡ್ತೀನಿ ಅಂದ್ರು. ನೀನು ಹತ್ಬಾರ್ದು ಅಂತ್ಲೇ ಓಡೋದ್ರು ಅಣ್ಣ."

ಖಲಂದರ್ ಕೈಗಳಿಂದ ಮುಖ ಮುಚ್ಚಿಕೊಂಡ. ಅವಳು ಸಮಾಧಾನ ಮಾಡಲಿಲ್ಲ. ಯಾಕೆ ಮಾಡಬೇಕು? ಮಗಳ ತಲೆ ಜಾರದ ಹಾಗೆ ಒಂದು ಕೈ ಹಿಂದಕ್ಕೆ ಕೊಟ್ಟುಕೊಂಡು, ಅವನು ಅಳುವುದು ಮುಗಿಯಲಿ ಅಂತ ಕಾದಳು.

"ಟೇಸನ್‌ನಲ್ಲಿ ಏನ್ ಬರುಸ್ತೀಯ?"

"ನಿಜ ಬರುಸ್ತೀನಿ. ಕಟ್ಟುಸ್ದೋನು ಕೆಂಪರಾಜು, ಕಟ್ದೋನು ನಾನು. ಇಬ್ರೂ ಒಳೀಕೋಗ್ತೀವಿ, ಹೋಗ್ಲಿ."

"ನೀನ್ ಒಳೀಕೋದ್ರೆ ನಂಗೇನ್ ಬಂತು?"

ಅವನು ಅವಳ ಬೆನ್ನಿಗೆ ಒರಗಿದ್ದ ಮಗುವಿನ ಕಡೆ ನೋಡಿದ.

"ಅವ್ನು ಹೊರೀಕೆ ಬತ್ತಾನೆ, ನಾಕು ದಿನುಕ್ಕೆ. ನೀನು ಅಲ್ಲೇ ಇರ್ತೀಯ. ಕೇಸು ಮುಗಿಯೋಗಂಟ ಒಂದ್ ಕಾಸು ಬರಾಕಿಲ್ವಂತೆ, ವಿಲೇಜ್ ಅಕೌಂಟೆಂಟು ಬಂದು ಹೇಳೋದ್ರು. ದೊಡ್ಡೋಳು ಈ ವರ್ಷ ಕಾಲೇಜು ಸೇರ್ಬೇಕು. ನಾನು ರೇಷ್ಮೆ ಹುಳದ್ ಮನೇಲಿ ಕೂಲಿ ಮಾಡೋಳು." ಅವಳ ದನಿ ಎತ್ತರಕ್ಕೆ ಹೋಗಲೇ ಇಲ್ಲ, ಅದೇ ಭಯವಾಗುವಂತಿತ್ತು. "ನಿನ್ನ ಮನ್ಸು ಹಗುರ ಮಾಡ್ಕಳಕ್ಕೆ ನನ್ ಮಕ್ಕಳ ಅನ್ನ ಕಿತ್ಕಬ್ಯಾಡ ಅಣ್ಣ. ಗಾಳಿ ಅಂತ ಬರ್ಸು."

"ಗಾಳೀದೇನ್ ತಪ್ಪೈತೆ ತಂಗೀ?" ಅಂದುಬಿಟ್ಟ ಅವನು.

"ಅದ್ನ ನಂಗೆ ಹೇಳ್ಬ್ಯಾಡ!" ಅಂತ ಮೊದಲ ಸಲ ಅವಳು ಕೂಗಿದಳು. ಮಗು ಎಚ್ಚೆತ್ತು ಅತ್ತಿತು. ಅದನ್ನು ಮುಂದಕ್ಕೆ ಎಳೆದು ಮಡಿಲಿಗೆ ಹಾಕಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು. "ಪೋಲೀಸ್ನೋರ್ ತಾವ ಗಾಳಿ ಅನ್ನು. ಊರ್ ಮುಂದೆಲ್ಲ ಗಾಳಿ ಅನ್ನು. ನನ್ ಮುಂದೆ ಮಾತ್ರ ಯಾವತ್ತೂ ಆ ಮಾತು ಆಡ್ಬ್ಯಾಡ. ಇನ್ನು ಹೊಂಡು."

ಠಾಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಕೆಂಪರಾಜು ಹೊರಗೆ ಬೇವಿನ ಮರದ ಕೆಳಗೆ ಇಬ್ಬರ ಜೊತೆ ನಿಂತಿದ್ದ. ಅಣ್ಣನ ಕಾರ್ಯಕ್ರಮ ಮುಂದಕ್ಕೆ ಹೋಗಿತ್ತು, ಅದರ ಮಾತು ನಡೆದಿತ್ತು. ಖಲಂದರನನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡು ತಲೆ ಬಾಗಿಸಿದ. ಖಲಂದರ್ ಒಳಗೆ ಹೋಗಿ ರೈಟರ್ ಮುಂದೆ ನಿಂತ. ರೈಟರ್ ಒಳ್ಳೆಯ ಮನುಷ್ಯ, ಕುರ್ಚಿ ತೋರಿಸಿದ, ನೀರು ಕೊಟ್ಟ. ಹೆಸರು, ತಂದೆಯ ಹೆಸರು, ವಯಸ್ಸು ಬರೆದುಕೊಂಡ.

"ನೀವೇ ಕಟ್ಟಿದ್ದಾ ಫ್ಲೆಕ್ಸು?"

"ಹೌದು ಸಾರ್."

"ಸರಿಯಾಗಿ ಕಟ್ಟಿದ್ರಾ?"

"ಗಟ್ಟಿಯಾಗಿ ಕಟ್ಟಿದ್ದೆ ಸಾರ್."

ರೈಟರ್ ಪೆನ್ನು ಝಾಡಿಸಿದ. "ನೀವು ನಲವತ್ತು ವರ್ಷದಿಂದ ಇದೇ ಕೆಲಸದಲ್ಲಿ ಇದೀರಂತೆ. ಎಲ್ಲರೂ ಹೇಳ್ತಾರೆ, ಗಾಳಿ ವಿಷಯ ನಿಮ್ಮಷ್ಟು ಗೊತ್ತಿರೋರು ಈ ಕಡೆ ಇಲ್ಲ ಅಂತ. ಅದಕ್ಕೇ ಕೇಳ್ತಿದೀನಿ, ಅವತ್ತು ಗಾಳಿ ಎಷ್ಟು ಜೋರಾಗಿತ್ತು?"

ಖಲಂದರನ ಕಣ್ಣ ಮುಂದೆ ಆ ಜಾಗ ಬಂತು. ಬಸ್ ಸ್ಟಾಪಿನ ಹಿಂದೆ ತೆಂಗಿನ ಮರಗಳ ಸಾಲಿತ್ತು, ಒಂದೂ ಬಿದ್ದಿರಲಿಲ್ಲ. ಎದುರಿನ ಅಂಗಡಿಯ ಹಂಚು ಒಂದೂ ಕದಲಿರಲಿಲ್ಲ. ಪಕ್ಕದ ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆ ಕೂಡ ತಂತಿಯ ಮೇಲೇ ಇತ್ತು. ಅಂಥ ಗಾಳಿ ವರ್ಷಕ್ಕೆ ನಾಲ್ಕು ಸಲ ಬರುತ್ತದೆ, ಬಂದು ಹೋಗುತ್ತದೆ.

"ಹೇಳಿ" ಅಂದ ರೈಟರ್.

"ಅಂಥ ಗಾಳಿ ನಾನು ಹುಟ್ಟಿದಾರಭ್ಯ ನೋಡಿಲ್ಲ ಸಾರ್" ಅಂದ ಖಲಂದರ್.

ರೈಟರ್ ಅದನ್ನು ಹಾಗೆಯೇ ಬರೆದುಕೊಂಡು, ಹಾಳೆಯನ್ನು ಅವನ ಕಡೆ ತಿರುಗಿಸಿ, ಸಹಿ ಎಲ್ಲಿ ಹಾಕಬೇಕು ಅಂತ ಬೆರಳಿಟ್ಟು ತೋರಿಸಿದ.